ಉಪ್ಪು ಮೊಂಡು, ಪಟಿಕ ಸೂಕ್ಷ್ಮ

ಪ್ರಶ್ನೆ: ಸರ್, ಮಗಳು ಒಂಬತ್ತನೇ ತರಗತಿ. ಹರಳು ಹುಟ್ಟುವುದನ್ನು ಕಣ್ಣೆದುರೇ ನೋಡಬೇಕು ಅಂತ ಹಠ. ಒಂದು ಲೋಟ ಬಿಸಿನೀರಿಗೆ ನಾಲ್ಕು ಚಮಚ ಉಪ್ಪು ಕರಗಿಸಿ ಆರಲು ಇಟ್ಟಳು, ಏನೂ ಬರಲಿಲ್ಲ. ಪಟಿಕ ಕರಗಿಸಿ ಫ್ರಿಜ್‌ನಲ್ಲಿಟ್ಟಳು, ಬೆಳಗ್ಗೆ ನೋಡಿದರೆ ತಳದಲ್ಲಿ ರವೆಯಂಥ ಪುಡಿ. ಈಗ ಮೈಕ್ರೋಸ್ಕೋಪ್ ಕೊಡಿಸು ಅಂತಾಳೆ. ಕೊಡಿಸಬೇಕಾ?
– ಒಬ್ಬ ತಾಯಿ, ಆಳಂದ

ಉತ್ತರ: ಸದ್ಯಕ್ಕೆ ಬೇಡ ತಂಗಿ. ಒಂದು ಭೂತಗನ್ನಡಿ ಸಾಕು.

ಮೊದಲು ಉಪ್ಪಿನ ವಿಷಯ. ಮಗಳು ತಪ್ಪೇನೂ ಮಾಡಿಲ್ಲ, ಉಪ್ಪೇ ಮೊಂಡು. 20 ಡಿಗ್ರಿಯ 100 ಗ್ರಾಂ ನೀರಿನಲ್ಲಿ ಸುಮಾರು 36 ಗ್ರಾಂ ಉಪ್ಪು ಕರಗುತ್ತದೆ. ಕುದಿಯುವ ನೀರಿನಲ್ಲೂ ಅಷ್ಟೇ, 39 ಗ್ರಾಂ. ಬಿಸಿ ಮಾಡಿದರೂ ಆರಿಸಿದರೂ ಅದಕ್ಕೆ ಹೆಚ್ಚು ವ್ಯತ್ಯಾಸವಿಲ್ಲ. ನಾಲ್ಕು ಚಮಚ ಹಾಕಿ ಆರಿಸಿದರೆ ಎಲ್ಲವೂ ನೀರಿನಲ್ಲೇ ಉಳಿಯುತ್ತದೆ. ಉಪ್ಪು ಹೊರಗೆ ಬರಬೇಕೆಂದರೆ ನೀರೇ ಆವಿಯಾಗಿ ಹೋಗಬೇಕು.

ಪಟಿಕ ಹಾಗಲ್ಲ. ಕ್ಷೌರದಂಗಡಿಯಲ್ಲಿ ಗಡ್ಡ ತೆಗೆದ ಮೇಲೆ ಉಜ್ಜುತ್ತಾರಲ್ಲ, ಅದೇ ಕಲ್ಲು. 20 ಡಿಗ್ರಿಯಲ್ಲಿ 100 ಮಿಲಿ ನೀರಿಗೆ ಸುಮಾರು 14 ಗ್ರಾಂ, 50 ಡಿಗ್ರಿಯಲ್ಲಿ ಸುಮಾರು 37 ಗ್ರಾಂ. ಈ ಗುಣ ನನಗೆ ಪುಸ್ತಕಕ್ಕಿಂತ ಚೆನ್ನಾಗಿ ಕಲಿಸಿದ್ದು ಕಲಬುರಗಿಯ ಒಂದು ಮೇ ತಿಂಗಳು. ಆಗ ನಾನು ಪಾಠ ಹೇಳುತ್ತಿದ್ದೆ. ದಾರಕ್ಕೆ ಕಟ್ಟಿದ ಪಟಿಕದ ಹರಳನ್ನು ಸ್ಟಾಫ್ ರೂಮಿನ ಕಿಟಕಿಯಲ್ಲಿ ಪಟಿಕದ ಗಟ್ಟಿ ನೀರು ತುಂಬಿದ ಬಾಟಲಿಯೊಳಗೆ ತೂಗುಬಿಟ್ಟಿದ್ದೆ. ಬೆಳಗ್ಗೆ ಮೂಲೆಗಳೆಲ್ಲ ಚೂಪಾಗಿ, ಚೆಂದವಾಗಿ ಇರುತ್ತಿತ್ತು. ಸಂಜೆಗೆ ಮೂಲೆ ಸವೆದು ಚಪ್ಪರಿಸಿದ ಪೆಪ್ಪರಮಿಂಟಿನ ಹಾಗೆ! ಹುಡುಗರು ಕೈ ಹಾಕ್ತಿದ್ದಾರೆ ಅಂತ ನಾಲ್ಕು ದಿನ ಸುಮ್ನೆ ಬೈದೆ. ಆಮೇಲೆ ಬಾಟಲಿಯಲ್ಲಿ ಥರ್ಮಾಮೀಟರ್ ಇಳಿಸಿದಾಗ ಕಳ್ಳ ಸಿಕ್ಕ. ಮಧ್ಯಾಹ್ನದ ಸೆಕೆಗೆ ನೀರು ಕಾದು ಹರಳನ್ನು ನುಂಗುತ್ತಿತ್ತು, ರಾತ್ರಿ ತಂಪಾದಾಗ ವಾಪಸ್ ಕೊಡುತ್ತಿತ್ತು. ಆ ಹುಡುಗರ ಹತ್ತಿರ ಕ್ಷಮೆ ಕೇಳಿದೆನಾ ಇಲ್ಲವಾ ಎಂಬುದು ಈಗ ನೆನಪಿಲ್ಲ. ಕೇಳಿರಲಿಕ್ಕಿಲ್ಲ.

ನಿಮ್ಮ ಮಗಳ ಪುಡಿಗೆ ಕಾರಣ ಫ್ರಿಜ್‌ನ ಅವಸರ. ನೀರು ತಟ್ಟನೆ ತಂಪಾದರೆ ಒಂದೇ ಸಲಕ್ಕೆ ಸಾವಿರಾರು ಕಡೆ ಹರಳು ಮೊಳೆಯುತ್ತವೆ. ಇದ್ದ ಪಟಿಕವನ್ನೇ ಎಲ್ಲವೂ ಹಂಚಿಕೊಳ್ಳಬೇಕು, ಯಾವುದೂ ದೊಡ್ಡದಾಗುವುದಿಲ್ಲ. ಬಿಸಿ ಪಾತ್ರೆಗೆ ಹಳೇ ಟವಲ್ ಸುತ್ತಿ, ಅಲ್ಲಾಡಿಸದೆ ಮೂಲೆಯಲ್ಲಿ ಬಿಡಲಿ.

ಆದರೆ ಅವಳಿಗೆ ಬೇಕಾದದ್ದು ಹುಟ್ಟುವುದನ್ನು ನೋಡುವುದು, ಅಲ್ವಾ? ಅದಕ್ಕೆ ಪಾತ್ರೆ ಬೇಡ, ಒಂದು ಹನಿ ಸಾಕು. ಹಳೇ ಫೋಟೋ ಫ್ರೇಮಿನ ಗಾಜು ತೊಳೆದು ಒರೆಸಿ. ಅದರ ಕೆಳಗೆ ಕಪ್ಪು ಕಾಗದ. ಗಾಜಿನ ಮೇಲೆ ಗಟ್ಟಿ ಉಪ್ಪುನೀರಿನ ಒಂದು ಹನಿ ಇಟ್ಟು ಬೆರಳಿನಿಂದ ತೆಳ್ಳಗೆ ಹರಡಿ. ಪಕ್ಕದಿಂದ ಟಾರ್ಚ್ ಬಿಟ್ಟು ಭೂತಗನ್ನಡಿಯಲ್ಲಿ ಹನಿಯ ಅಂಚನ್ನೇ ನೋಡುತ್ತಾ ಇರಬೇಕು, ನಡುವನ್ನಲ್ಲ. ಅಂಚು ತೆಳು, ಮೊದಲು ಒಣಗುವುದು ಅದೇ. ನಮ್ಮ ಕಡೆ ಬೇಸಿಗೆ ಗಾಳಿ ಎಷ್ಟು ಒಣ ಎಂದರೆ ಜಾಸ್ತಿ ಕಾಯಬೇಕಾಗಿಲ್ಲ. ಮಳೆಗಾಲದಲ್ಲಿ ತಾಳ್ಮೆ ಬೇಕು. ಫ್ಯಾನ್ ಹಾಕಬೇಡಿ, ಧೂಳು ಬೀಳುತ್ತದೆ.

ಮೊದಲು ಚುಕ್ಕೆ, ಆಮೇಲೆ ಪುಟ್ಟ ಚೌಕ. ಚೌಕದ ಅಂಚು, ಮೂಲೆ ಬೇಗ ಬೆಳೆದು ನಡು ಹಿಂದೆ ಬಿದ್ದರೆ ಕಲ್ಯಾಣಿಯ ಮೆಟ್ಟಿಲಿನ ಹಾಗೆ ಗುಂಡಿ ಕಾಣುತ್ತದೆ. ನನಗೆ ಇವತ್ತಿಗೂ ಅದು ಬೇಸರ ಬಂದಿಲ್ಲ.

ಮೆಡಿಕಲ್ ಅಂಗಡಿಯ ಎಪ್ಸಮ್ ಸಾಲ್ಟ್ ಸಿಕ್ಕರೆ ಇನ್ನೊಂದು ಆಟ ಇದೆ. ಅದರ ಹನಿಯೂ ಗಾಜಿನ ಮೇಲೆ ಪೂರ್ತಿ ಒಣಗಲಿ. ಎಲ್‌ಸಿಡಿ ಲ್ಯಾಪ್‌ಟಾಪ್‌ನಲ್ಲಿ ಬರೀ ಬಿಳಿ ಪರದೆ ತೆರೆದು ಅದರ ಮುಂದೆ ಗಾಜು ಹಿಡಿಯಿರಿ. ಪೋಲರಾಯ್ಡ್ ತಂಪು ಕನ್ನಡಕದ ಒಂದು ಗಾಜಿನ ಮೂಲಕ ನೋಡುತ್ತಾ, ಪರದೆ ಕಪ್ಪಾಗುವವರೆಗೆ ಕನ್ನಡಕ ತಿರುಗಿಸಿ. ಕಪ್ಪಿನ ನಡುವೆ ಹರಳುಗಳು ಬೆಳಗುತ್ತವೆ. ದಪ್ಪಕ್ಕೆ ತಕ್ಕಂತೆ ಬಣ್ಣ ಬದಲಾಗುತ್ತದೆ. ಉಪ್ಪು, ಪಟಿಕ ಇಟ್ಟರೆ ಈ ಆಟ ನಡೆಯದು. ಅವುಗಳ ಹರಳಿನೊಳಗೆ ಬೆಳಕಿಗೆ ಎಲ್ಲ ದಿಕ್ಕೂ ಒಂದೇ, ಹಾಗಾಗಿ ಕಪ್ಪು ಕಪ್ಪಾಗಿಯೇ ಉಳಿಯುತ್ತದೆ.

ಇಷ್ಟಾದ ಮೇಲೂ ಅವಳ ಹಠ ಇಳಿಯದಿದ್ದರೆ ಕಾಗದದ ಮೈಕ್ರೋಸ್ಕೋಪ್ ಫೋಲ್ಡ್‌ಸ್ಕೋಪ್ ಕೊಡಿಸಿ. ಮೀರತ್‌ನಲ್ಲಿ ಹುಟ್ಟಿದ, ಈಗ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿರುವ ಮನು ಪ್ರಕಾಶ್ ಅವರ ತಂಡ ಮಾಡಿದ್ದು. ಸುಮಾರು 140 ಪಟ್ಟು ದೊಡ್ಡದಾಗಿ ತೋರಿಸುತ್ತದೆ.

ಪ್ರಶ್ನೆ: ಬಿದರಿ ಎರಕ ಹೊಯ್ಯುವಾಗ ಸತು ಗಟ್ಟಿಯಾಗುತ್ತದಲ್ಲ, ಅಲ್ಲೂ ಹರಳು ಇರುತ್ತದಾ? ಕಣ್ಣಿಗೆ ಕಾಣುತ್ತದಾ?
– ಒಬ್ಬ ವಿದ್ಯಾರ್ಥಿ, ಬೀದರ್

ಉತ್ತರ: ಇರುತ್ತದೆ ತಮ್ಮಾ, ಆದರೆ ಅಚ್ಚಿನೊಳಗೆ ಹುಟ್ಟುವುದರಿಂದ ಕಾಣುವುದಿಲ್ಲ. ಸತು ಕರಗುವುದೇ ಸುಮಾರು 420 ಡಿಗ್ರಿಗೆ, ಮನೆಯಲ್ಲಿ ಪ್ರಯತ್ನ ಬೇಡ. ಸತುವಿನ ಲೇಪವಿರುವ ಹಳೇ ತಗಡಿನ ಬಕೆಟ್ ಇದ್ದರೆ ಬಿಸಿಲಿಗೆ ಓರೆಯಾಗಿ ಹಿಡಿದು ನೋಡು. ಮೈಮೇಲೆ ಹೂವಿನಂಥ ಮಚ್ಚೆಗಳಿವೆಯಲ್ಲ, ಒಂದೊಂದೂ ಗಟ್ಟಿಯಾದ ಸತುವಿನ ಹರಳೇ. ಆಗ ಸತುವಿಗೆ ಸ್ವಲ್ಪ ಸೀಸ ಸೇರಿರುತ್ತಿತ್ತು, ಅದರಿಂದ ಮಚ್ಚೆ ದೊಡ್ಡದು.

ಬಿದರಿಯಲ್ಲಿ ಹರಳಾಗುವ ಇನ್ನೊಂದು ಸಾಮಾನೂ ಇದೆ. ಪಾತ್ರೆ ಕಪ್ಪಾಗಲು ಬೀದರ್ ಕೋಟೆಯ ಮಣ್ಣಿನ ಜೊತೆ ಕಲಸುವ ನವಸಾಗರ, ಅಂದರೆ ಅಮೋನಿಯಂ ಕ್ಲೋರೈಡ್. ಅದರ ಗಟ್ಟಿ ದ್ರಾವಣದ ಒಂದು ಹನಿಯನ್ನು ಮೇಲೆ ಹೇಳಿದ ಹಾಗೆ ಗಾಜಿನ ಮೇಲೆ ಒಣಗಲು ಬಿಡು. ಚೌಕ ಬರುವುದಿಲ್ಲ, ಜರೀಗಿಡದ ಎಲೆಯ ಹಾಗೆ ಕೊಂಬೆಗೆ ಕೊಂಬೆ ಒಡೆಯುತ್ತಾ ಓಡುತ್ತದೆ. ಒಣ ಪುಡಿಯನ್ನು ಮಾತ್ರ ಒಲೆಯ ಮೇಲೆ ಕಾಯಿಸಬೇಡ, ಅದರ ಹೊಗೆಗೆ ಕೆಮ್ಮು ಹಿಡಿಯುತ್ತದೆ.