ಚಿತ್ರದ ಅವಧಿ ಯಾರ ಪಾಲಿನದು?

ಡೊಂಬಿವಲಿಯ ಓದುಗರೊಬ್ಬರು ಬರೆದಿದ್ದಾರೆ: ‘ಮುಂಬಯಿ ಮಹಾನಗರಪಾಲಿಕೆಯ ಕನ್ನಡ ಶಾಲೆಗಳಲ್ಲಿ ಮಕ್ಕಳು ಕಡಿಮೆಯಾಗುತ್ತಿದ್ದಾರೆ. ಇರುವವರಿಗೆ ಗಣಿತ, ಇಂಗ್ಲಿಷ್ ಗಟ್ಟಿಯಾಗಿ ಕಲಿಸುವುದನ್ನು ಬಿಟ್ಟು ಚಿತ್ರ, ಹಾಡು ಎಂದು ಹೊತ್ತು ಕಳೆಯುವುದು ಸರಿಯೇ? ನಮ್ಮ ಸಂಘದ ಸಮಿತಿಯಲ್ಲೂ ಈ ಚರ್ಚೆ ನಡೆಯಿತು. ನನ್ನ ಮಗಳು ಪ್ರತಿ ಶನಿವಾರ ಭರತನಾಟ್ಯದ ಕ್ಲಾಸಿಗೆ ಹೋಗುತ್ತಾಳೆ. ಆಸಕ್ತಿ ಇದ್ದವರು ಹಾಗೆ ಹೊರಗೆ ಕಲಿಯಬಹುದಲ್ಲವೇ?’

ನಿಮ್ಮ ಆತಂಕದಲ್ಲಿ ಹುರುಳಿಲ್ಲವೆನ್ನಲಾರೆ. ಏಳನೆಯ ತರಗತಿಗೆ ಬಂದರೂ ಭಾಗಾಕಾರ ಬಾರದ ಮಗುವಿನ ತಾಯಿಗೆ ಬಣ್ಣದ ಪೆಟ್ಟಿಗೆಯ ಮಾತು ರುಚಿಸದು. ಆದರೆ ನಿಮ್ಮ ಪತ್ರದ ಕೊನೆಯ ವಾಕ್ಯವೇ ನಿಮ್ಮ ವಾದಕ್ಕೆ ಉತ್ತರ ಕೊಟ್ಟುಬಿಟ್ಟಿದೆ. ನಿಮ್ಮ ಮಗಳಿಗೆ ಶುಲ್ಕ ಕಟ್ಟಲು ನೀವಿದ್ದೀರಿ, ಕರೆದೊಯ್ಯಲು ಮನೆಯವರಿದ್ದಾರೆ. ನಸುಕಿಗೇ ಕ್ಯಾಂಟೀನಿನ ಒಲೆ ಹೊತ್ತಿಸಲು ಹೊರಟು ರಾತ್ರಿ ಮರಳುವ ತಂದೆಯ ಮಗಳಿಗೆ ‘ಹೊರಗೆ’ ಎಂಬುದೇ ಇಲ್ಲ. ಶಾಲೆಯಿಂದ ಆ ಒಂದು ಅವಧಿಯನ್ನು ಕಿತ್ತರೆ ಅವಳ ಪಾಲಿನ ಕಲೆಯನ್ನೆಲ್ಲ ಕಿತ್ತಂತೆಯೇ.

ಅಂಥ ಒಬ್ಬಳನ್ನು ನಾನು ಕಂಡಿದ್ದೇನೆ. ಪಾಲಿಕೆಯ ಕನ್ನಡ ಶಾಲೆಯೊಂದರ ಐದನೆಯ ತರಗತಿಯಲ್ಲಿ ಮಕ್ಕಳು ಮನೆಯ ಬಾಗಿಲಲ್ಲಿಟ್ಟ ನೀಲಿ ನೀರಿನ ಡ್ರಮ್ಮನ್ನು ಬರೆಯುತ್ತಿದ್ದರು. ಎಲ್ಲರೂ ಅದರ ಬಾಯಿಗೆ ಬಳೆಯಂಥ ವೃತ್ತ ಹಾಕಿದ್ದರು. ಇವಳು ಮಾತ್ರ ಚಪ್ಪಟೆಯಾದ ಮೊಟ್ಟೆಯಾಕಾರ ಬರೆದಿದ್ದಳು. ಏಕೆಂದು ಕೇಳಿದಾಗ, ‘ಬಾಗಿಲಲ್ಲಿ ನಿಂತರೆ ಹೀಗೇ ಕಾಣುವುದು ಟೀಚರ್. ಅಟ್ಟದಲ್ಲಿ ಮಲಗಿ ಬಗ್ಗಿ ನೋಡಿದರೆ ಪೂರ್ತಿ ದುಂಡಗಿರುತ್ತದೆ,’ ಎಂದಳು. ವರ್ಷವಿಡೀ ತುಟಿ ಬಿಚ್ಚದ ಹುಡುಗಿ ಅವಳು ಎಂದು ಟೀಚರು ಆಮೇಲೆ ನನಗೆ ಹೇಳಿದರು. ತಾನು ಕಂಡದ್ದನ್ನು ನಂಬಿ, ಇಡೀ ತರಗತಿ ಬೇರೆಯಾಗಿ ಬರೆದರೂ ಕದಲದೆ ಕೂರುವುದನ್ನು ಯಾವ ಮಗ್ಗಿ ಕಲಿಸೀತು?

ಇದು ನನ್ನೊಬ್ಬನ ಹುಚ್ಚು ಎಂದುಕೊಳ್ಳಬೇಡಿ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹತ್ತನೆಯ ತರಗತಿಯವರೆಗೆ ಕಲೆ ಕಡ್ಡಾಯ ವಿಷಯವಾಗಿರಬೇಕೆಂದಿತು. 2020ರ ಶಿಕ್ಷಣ ನೀತಿ ಪಠ್ಯ, ಪಠ್ಯೇತರ ಎಂಬ ಗೋಡೆಯೇ ಬೇಡವೆಂದಿತು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಆರರಿಂದ ಎಂಟನೆಯ ತರಗತಿಗಳಲ್ಲಿ ನೂರಕ್ಕಿಂತ ಹೆಚ್ಚು ಮಕ್ಕಳಿದ್ದರೆ ಕಲೆಗೆ ಅರೆಕಾಲಿಕ ಬೋಧಕರಿರಬೇಕು. ನಮ್ಮ ಸಂಕಟ ಇಲ್ಲೇ ಇದೆ: ಮಕ್ಕಳು ನೂರಕ್ಕಿಂತ ಕಡಿಮೆಯಾದ ಶಾಲೆಗೆ ಆ ನಿಯಮದ ಆಸರೆಯೂ ತಪ್ಪುತ್ತದೆ. ಇನ್ನು ಮಹಾರಾಷ್ಟ್ರದಲ್ಲಿ ಎಲಿಮೆಂಟರಿ, ಇಂಟರ್‌ಮೀಡಿಯೆಟ್ ಚಿತ್ರಕಲಾ ಪರೀಕ್ಷೆಗಳೇನೋ ಇವೆ. ಆದರೆ ಹತ್ತನೆಯ ತರಗತಿಯ ಹೆಚ್ಚುವರಿ ಅಂಕದ ಆಸೆಗೆ ಪಾಲಕರು ಅವನ್ನೂ ಮತ್ತೊಂದು ಟ್ಯೂಷನ್ ಮಾಡಿಬಿಟ್ಟಿದ್ದಾರೆ. ವಾರ್ಷಿಕ ಪರೀಕ್ಷೆ ಹತ್ತಿರವಾದೊಡನೆ ಮೊದಲು ಬಲಿಯಾಗುವುದೂ ಚಿತ್ರದ ಅವಧಿಯೇ.

ಉಡುಪಿ ಬಳಿಯ ಕಟ್ಟಿಂಗೇರಿಯ ಚಿತ್ರಕಲಾವಿದ ಕೆ.ಕೆ. ಹೆಬ್ಬಾರರು ಇದೇ ಮುಂಬಯಿಗೆ ಬಂದು, 1857ರಲ್ಲಿ ಆರಂಭವಾದ ಜೆ.ಜೆ. ಕಲಾಶಾಲೆಯಲ್ಲಿ ಕಲಿತು, ಅಲ್ಲಿಯೇ ಕಲಿಸಿದರು. ಅವರು ನಮ್ಮವರೆಂದು ವೇದಿಕೆಯಿಂದ ಎದೆ ತಟ್ಟಿಕೊಳ್ಳುವ ನಮ್ಮ ಸಂಘಗಳು ಕನ್ನಡ ಶಾಲೆಯ ಮಕ್ಕಳಿಗೆ ಒಂದು ಕಟ್ಟು ಡ್ರಾಯಿಂಗ್ ಹಾಳೆಯನ್ನಾದರೂ ಕೊಟ್ಟಿವೆಯೇ? ಊರಿನಿಂದ ಮೇಳ ತರಿಸಿ ಯಕ್ಷಗಾನ ಆಡಿಸುತ್ತೇವೆ, ಸಂತೋಷ. ಅದೇ ಮೇಳದ ಭಾಗವತರನ್ನು ಒಂದು ಬೆಳಗ್ಗೆ ಶಾಲೆಗೆ ಕರೆದೊಯ್ದು ಮಕ್ಕಳಿಂದ ತಾಳ ಹಾಕಿಸಬೇಕೆಂದು ನಮಗೇಕೆ ಹೊಳೆಯುವುದಿಲ್ಲ? ಶಾಮಿಯಾನ, ಶಾಲು, ಹಾರಗಳಿಗೆ ಸುರಿಯುವ ಹಣದಲ್ಲಿ ಒಂದು ಪಾಲು ತೆಗೆದಿಟ್ಟರೆ ಒಬ್ಬ ಚಿತ್ರಶಿಕ್ಷಕರಿಗೆ ಗೌರವಧನ ಕೊಡಬಹುದು.

ಮಕ್ಕಳ ಬಗ್ಗೆ ಇಷ್ಟು ಯೋಚಿಸಿ ಬರೆದ ನೀವೇ ಜೂನ್‌ನಲ್ಲಿ ಶಾಲೆ ತೆರೆಯುವ ಮುನ್ನ ಸಮಿತಿಯಲ್ಲಿ ಈ ಮಾತೆತ್ತಬೇಕು. ಆಮೇಲೊಂದು ದಿನ ಮಗಳನ್ನೂ ಕರೆದುಕೊಂಡು ನನ್ನೊಡನೆ ಆ ಶಾಲೆಗೆ ಬನ್ನಿ. ಅವಳು ಆ ಮಕ್ಕಳಿಗೆ ನಾಲ್ಕು ಅಡವು ತೋರಿಸಲಿ. ಡ್ರಮ್ಮಿನ ಬಾಯಿ ಬರೆಯುವುದನ್ನು ಅವರು ಅವಳಿಗೆ ತೋರಿಸುತ್ತಾರೆ.

– ಸಂಪಾದಕ