ಆ ಫೈಲು ಮೊದಲು ನಿಮ್ಮ ಕೈಗೆ ಬರಲಿ

ಪತ್ರಗಳಿಗೆ ಸರದಿಯಂತೆ ಉತ್ತರಿಸುವುದು ನನ್ನ ರೂಢಿ. ಜಮಖಂಡಿ ತಾಲ್ಲೂಕಿನ ಈ ತಂಗಿಗಾಗಿ ಸರದಿ ಮುರಿದಿದ್ದೇನೆ, ಯಾಕೆಂದರೆ ಆಕೆ ಈಗ 21 ವಾರದ ಬಸುರಿ. ಹೇಳಬೇಕಾದ ಮುಖ್ಯ ಮಾತನ್ನು ಪತ್ರ ಬಂದ ದಿನವೇ ಆಕೆಯ ಫೋನಿಗೆ ಕಳಿಸಿದೆ. ಇಲ್ಲಿ ಬರೆಯುತ್ತಿರುವುದು ಆಕೆಗೂ ಹೌದು, ಆಕೆಯ ಹಾಗೆ ಹೊರಗೆ ಕೂತಿರುವ ಉಳಿದವರಿಗೂ ಹೌದು.

ಸಂಗತಿ ಇಷ್ಟು. ವಯಸ್ಸು 27, ಎರಡನೇ ಬಸಿರು. ಮೊದಲ ಮಗಳಿಗೆ ನಾಲ್ಕು ವರ್ಷ. ಗಂಡ ಬನಹಟ್ಟಿಯಲ್ಲಿ ಮಗ್ಗ ನಡೆಸುತ್ತಾರೆ. ಐದನೇ ತಿಂಗಳ ಸ್ಕ್ಯಾನಿಂಗಿನಲ್ಲಿ ಕೂಸಿನ ಹೃದಯದಲ್ಲಿ ದೋಷ ಕಂಡಿದೆ. ಮೆಡಿಕಲ್ ಶಾಪ್ ಇಟ್ಟಿರುವ ಭಾವನವರು ವರದಿ ಓದಿ, "ಹೃದಯದಾಗ ತೂತು ಐತಿ. ಕೂಸು ಉಳಿಯೂದಿಲ್ಲ, ಉಳಿದ್ರೂ ಹತ್ತು ಲಕ್ಷ ಬೇಕು. ಲಗೂನ ತೆಗೆಸ್ರಿ" ಎಂದಿದ್ದಾರೆ. ಅತ್ತೆಯದೂ ಅದೇ ಮಾತು. ಗಂಡ ಬಾಯಿ ಬಿಡುತ್ತಿಲ್ಲ. ಕುಬಸಕ್ಕೆಂದು ತಂದಿದ್ದ ಹಸಿರು ಇಳಕಲ್ ಸೀರೆ ಟ್ರಂಕಿನ ತಳ ಸೇರಿದೆ. "ಇಟಗೊಳ್ಳಲೋ ತೆಗೆಸಲೋ, ನೀವ ಹೇಳ್ರಿ ಅಕ್ಕಾರ" ಎಂದು ಕೇಳಿದ್ದಾರೆ.

ತಂಗಿ, ನಿಮ್ಮ ನಾಲ್ಕು ಪುಟಗಳಲ್ಲಿ ನನ್ನ ಕಣ್ಣು ನಿಂತದ್ದು ಮೂರನೇ ಪುಟದ ಒಂದು ಸಾಲಿನ ಮೇಲೆ. "ಡಾಕ್ಟರು ಇವರನ್ನೂ ಭಾವನವರನ್ನೂ ಒಳಗ ಕರದು ಹೇಳಿದ್ರು, ನಾ ಹೊರಗ ಬೆಂಚಿನ ಮ್ಯಾಲೆ ಇದ್ದೆ." ಇಷ್ಟು ಬರೆದು ನೀವು ಗ್ರಹಣದ ವಿಷಯಕ್ಕೆ ಹೋಗಿಬಿಟ್ಟಿದ್ದೀರಿ. ನನಗೆ ಹೋಗಲಾಗಲಿಲ್ಲ.

ಆ ಬೆಂಚು ನನಗೆ ಗೊತ್ತು. 1988ರಲ್ಲಿ, ಆಗಿನ ಬಿಜಾಪುರದ ಒಂದು ನರ್ಸಿಂಗ್ ಹೋಮಿನಲ್ಲಿ ನಾನೂ ಹಾಗೇ ಕೂತಿದ್ದೆ. ಪಕ್ಕದಾಕೆ ಟಿಫಿನ್ ಡಬ್ಬಿಯ ಮುಚ್ಚಳ ತೆಗೆಯುವುದು, ಹಾಕುವುದು ಮಾಡುತ್ತಿದ್ದಳು. ನಾನು ಅದನ್ನು ಎಣಿಸುತ್ತಿದ್ದೆ. ನಮ್ಮವರು ಹೊರಗೆ ಬಂದು "ಏನಿಲ್ಲ, ನಡಿ" ಎಂದರು. ಏನಿತ್ತು ಎಂಬುದು ನಾದಿನಿಯ ಬಾಯಿಂದ ನನ್ನ ಕಿವಿಗೆ ಬಿದ್ದಾಗ ಕೂಸು ಹೋಗಿ ಎಂಟು ತಿಂಗಳಾಗಿತ್ತು. ಅವರು ಕೆಟ್ಟವರಲ್ಲ. ನನ್ನನ್ನು ಕಾಪಾಡುತ್ತಿದ್ದೇನೆ ಎಂದೇ ತಿಳಿದಿದ್ದರು. ಆದರೆ ನನ್ನ ಕೂಸಿನ ಸುದ್ದಿ ಊರಿಗೆಲ್ಲ ಗೊತ್ತಿದ್ದು ನನಗೊಬ್ಬಳಿಗೇ ಗೊತ್ತಿರಲಿಲ್ಲ ಎಂಬ ಸಂಕಟ ಇವತ್ತಿಗೂ ಆರಿಲ್ಲ.

ಹೆಣ್ಣುಮಕ್ಕಳ ಕಾಗದಪತ್ರ ಅವರವರ ಟ್ರಂಕಿನಲ್ಲೇ ಇರಬೇಕು ಎಂದು ಈ ಅಂಕಣದಲ್ಲಿ ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಹೊಲದ ಪತ್ರವಾಗಲಿ, ಮಾರ್ಕ್ಸ್ ಕಾರ್ಡಾಗಲಿ, ತಾಯಿ ಕಾರ್ಡಾಗಲಿ. ನಿಮ್ಮ ಸ್ಕ್ಯಾನಿಂಗ್ ಫೈಲು ಭಾವನವರ ಅಂಗಡಿಯ ಗಲ್ಲಾದಲ್ಲಿದೆ ಎಂದು ನೀವೇ ಬರೆದಿದ್ದೀರಿ. ಗಲ್ಲಾದಲ್ಲಿ!

ನಿಮ್ಮ ಗಂಡ ಫೋನಿನಲ್ಲಿ ತೆಗೆದುಕೊಂಡಿದ್ದ ವರದಿಯ ಚಿತ್ರವನ್ನು ನೀವು ಕಳಿಸಿದ್ದು ಒಳ್ಳೆಯದಾಯಿತು. ಅದರಲ್ಲಿ ಕೂಸು ಉಳಿಯುವುದಿಲ್ಲ ಎಂದು ಎಲ್ಲೂ ಇಲ್ಲ. 'ಟೆಟ್ರಾಲಜಿ ಆಫ್ ಫ್ಯಾಲೊ' ಇರಬಹುದೆಂಬ ಸಂಶಯ, ಫೀಟಲ್ ಎಕೋ, ಅಂದರೆ ಹೊಟ್ಟೆಯಲ್ಲಿರುವ ಕೂಸಿನ ಹೃದಯದ್ದೇ ಸ್ಕ್ಯಾನಿಂಗ್, ಮಾಡಿಸಿ ಎಂಬ ಸಲಹೆ, ಇವೆರಡೇ ಇರುವುದು. ಭಾವನವರು ಮೊದಲನೆಯದನ್ನು ತೀರ್ಪು ಮಾಡಿದ್ದಾರೆ, ಎರಡನೆಯದನ್ನು ನುಂಗಿದ್ದಾರೆ. ಮಾತ್ರೆಯ ಚೀಟಿ ಓದಲು ಬಂದರೆ ಹೃದಯ ಓದಲು ಬಂದಂತಲ್ಲ. ನನ್ನ ಸಿಟ್ಟೆಲ್ಲ ಅವರ ಮೇಲೆ. ಬಸುರಿಯನ್ನು ಹೊರಗೆ ಕೂರಿಸಿ ಗಂಡಸರ ಕೂಡ ಮಾತು ಮುಗಿಸಿದ ಆ ಡಾಕ್ಟರ ಮೇಲೂ.

ಈ ದೋಷದಲ್ಲಿ ನಾಲ್ಕು ಸಂಗತಿ ಕೂಡಿರುತ್ತವೆ. ಹೃದಯದ ಕೆಳಗಿನ ಎರಡು ಕೋಣೆಗಳ ನಡುವಿನ ಗೋಡೆಯಲ್ಲಿ ತೂತು. ಶ್ವಾಸಕೋಶಕ್ಕೆ ರಕ್ತ ಹೋಗುವ ದಾರಿ ಇಕ್ಕಟ್ಟು. ಮೈಗೆಲ್ಲ ರಕ್ತ ಒಯ್ಯುವ ಮಹಾಧಮನಿ ತೂತಿನ ಮೇಲಕ್ಕೆ ಸರಿದಿರುವುದು. ಬಲಗೋಣೆಯ ಗೋಡೆ ದಪ್ಪವಾಗುವುದು. ಸಾಮಾನ್ಯವಾಗಿ ಕೂಸಿಗೆ ವರ್ಷ ತುಂಬುವುದರೊಳಗೆ ಆಪರೇಷನ್ ಮಾಡುತ್ತಾರೆ, ಹಾಗೆ ಮಾಡಿಸಿಕೊಂಡವರಲ್ಲಿ ಹೆಚ್ಚಿನವರು ಬೆಳೆದು ದೊಡ್ಡವರಾಗುತ್ತಾರೆ. ಜೀವನಪೂರ್ತಿ ತಪಾಸಣೆ ತಪ್ಪುವುದಿಲ್ಲ, ಕೆಲವರಿಗೆ ಮುಂದೆ ಕವಾಟದ ಆಪರೇಷನ್ನೂ ಬೇಕಾಗುತ್ತದೆ. ದಾರಿ ತೀರಾ ಇಕ್ಕಟ್ಟಾಗಿದ್ದರೆ, ಅಥವಾ ಜೊತೆಗೆ ಕ್ರೋಮೋಸೋಮಿನ (ವಂಶವಾಹಿ ಹೊತ್ತ ಎಳೆಗಳ) ತೊಂದರೆ ಇದ್ದರೆ, ಮಾತು ಬೇರೆ. ನಿಮ್ಮ ಕೂಸಿನದು ಯಾವ ಬಗೆ ಎಂಬುದನ್ನು ಎಕೋ ಹೇಳಬೇಕು, ಕ್ರೋಮೋಸೋಮಿಗೆ ಗರ್ಭನೀರಿನ ಪರೀಕ್ಷೆ. ಆ ಪರೀಕ್ಷೆಯ ಫಲಿತಾಂಶಕ್ಕೆ ದಿನಗಳು ಹಿಡಿಯುತ್ತವೆ, ಅದಕ್ಕೇ ನನ್ನ ಅವಸರ.

ಗ್ರಹಣದ ದಿನ ಈಳಿಗೆಯಲ್ಲಿ ಬದನೆಕಾಯಿ ಹೆಚ್ಚಿದ್ದಕ್ಕೆ ಹೀಗಾಯಿತೇ ಎಂದು ಕೇಳಿದ್ದೀರಿ. ಅದು ನಾಲ್ಕನೇ ತಿಂಗಳಲ್ಲಿ ಎಂದೂ ಬರೆದಿದ್ದೀರಿ. ಕೂಸಿನ ಹೃದಯದ ಕೋಣೆಗಳು ಎರಡು ತಿಂಗಳ ಸುಮಾರಿಗೇ ರೂಪುಗೊಂಡಿರುತ್ತವೆ. ಹುಟ್ಟುವ ಪ್ರತಿ 1000 ಮಕ್ಕಳಲ್ಲಿ 8-10 ಮಕ್ಕಳಿಗೆ ಒಂದಲ್ಲ ಒಂದು ಹೃದಯದೋಷ ಇರುತ್ತದೆ, ಅವರ ತಾಯಂದಿರೆಲ್ಲ ಈಳಿಗೆ ಹಿಡಿದವರಲ್ಲ. ಈ ಮಾತನ್ನು ಇಲ್ಲಿಗೇ ಬಿಡಿ.

ಅತ್ತೆಯನ್ನು ಮಾತ್ರ ಬೈಯಲಾರೆ. ಅವರ ಚೊಚ್ಚಲ ಕೂಸು ಮೂರು ತಿಂಗಳಿಗೆ "ಅತ್ತಾಗೆಲ್ಲ ನೀಲಿ ಆಗಿ" ತೀರಿಕೊಂಡಿತು ಎಂದು ಬರೆದಿದ್ದೀರಿ. ಅದೂ ಬಹುಶಃ ಹೃದಯದ್ದೇ ಇರಬೇಕು. ಇಂಥ ನೀಲಿ ಕೂಸಿಗೆ ಮೊದಲ ಆಪರೇಷನ್ ಆದದ್ದು 1944ರಲ್ಲಿ, ಅಮೆರಿಕದ ಬಾಲ್ಟಿಮೋರಿನಲ್ಲಿ. ನಿಮ್ಮ ಅತ್ತೆಯ ಕೂಸಿನ ಕಾಲಕ್ಕೆ ಅದು ನಮ್ಮ ಹಳ್ಳಿಗಳ ತನಕ ಬಂದಿರಲಿಲ್ಲ. ಆಕೆ ತೆಗೆಸು ಎನ್ನುವುದು ನಿಮ್ಮ ಮೇಲಿನ ಸಿಟ್ಟಿನಿಂದಲ್ಲ. ತಾನು ಉಂಡ ಸಂಕಟ ಸೊಸೆಗೆ ಬೇಡ ಎಂದು. ಆ ಕೂಸಿನ ಕುರಿತು ಒಂದು ದಿನ ಆಕೆಯ ಪಕ್ಕ ಕೂತು ಕೇಳಿ. ಎಕೋ ಮಾಡುವ ಡಾಕ್ಟರಿಗೂ ಅದನ್ನು ತಪ್ಪದೆ ಹೇಳಿ, ಮನೆತನದಲ್ಲಿ ಹೀಗಾಗಿದ್ದರೆ ಅವರಿಗೆ ಗೊತ್ತಿರಬೇಕು.

ಹಣದ ಬಗ್ಗೆ: ಆ ಹತ್ತು ಲಕ್ಷ ಭಾವನವರ ಅಂದಾಜು. ಹುಟ್ಟಿನಿಂದ ಬಂದ ಹೃದಯದೋಷ ಮಕ್ಕಳ ತಪಾಸಣೆ ಮತ್ತು ಉಚಿತ ಚಿಕಿತ್ಸೆಗೆಂದು 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲಿದೆ. ಬಿಪಿಎಲ್ ಕಾರ್ಡಿದ್ದರೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಎಂಬ ಸರ್ಕಾರಿ ಚಿಕಿತ್ಸಾ ಯೋಜನೆಯೂ ಇದೆ. ನಿಮ್ಮ ಆಶಾ ಕಾರ್ಯಕರ್ತೆಯನ್ನು ಕೇಳಿ, ಬಾಗಲಕೋಟೆಯ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ.

ಇನ್ನು ಕಾನೂನು. 1971ರ ಗರ್ಭಪಾತ ಕಾಯ್ದೆಗೆ 2021ರಲ್ಲಿ ತಿದ್ದುಪಡಿಯಾಗಿದೆ. ಕೂಸಿಗೆ ಗಂಭೀರ ದೋಷವಿದ್ದರೆ 24 ವಾರದವರೆಗೆ ಇಬ್ಬರು ವೈದ್ಯರ ಅಭಿಪ್ರಾಯ ಸಾಕು, ಅದರಾಚೆಗೆ ವೈದ್ಯಕೀಯ ಮಂಡಳಿ ನೋಡಿ ನಿರ್ಧರಿಸುತ್ತದೆ. 18 ತುಂಬಿದ ಹೆಣ್ಣುಮಗಳ ಒಪ್ಪಿಗೆ ಇಲ್ಲದೆ ಗರ್ಭ ತೆಗೆಯುವಂತಿಲ್ಲ. ಸಹಿ ನಿಮ್ಮದು. ಗಂಡನ ಸಹಿಯನ್ನೇ ಕಾಯ್ದೆ ಕೇಳುವುದಿಲ್ಲ. ಭಾವನದಂತೂ ಮಾತೇ ಇಲ್ಲ.

ಇಟ್ಟುಕೊಳ್ಳಿ ಎಂದಾಗಲಿ ತೆಗೆಸಿ ಎಂದಾಗಲಿ ನಾನು ಹೇಳುವುದಿಲ್ಲ. ಎಲ್ಲ ಕೇಳಿ ತಿಳಿದ ಮೇಲೆ ನೀವು ಯಾವುದನ್ನು ಆರಿಸಿಕೊಂಡರೂ ನಿಮ್ಮ ಜೊತೆಗಿದ್ದೇನೆ. ಇವತ್ತು ನಾನು ಹೇಳುವುದು ಒಂದೇ. ಈ ಸಂಜೆ ಅಂಗಡಿಗೆ ಹೋಗಿ ಫೈಲು ತನ್ನಿ. ಸೋಮವಾರ ಗಂಡನ ಜೊತೆ ಬೆಳಗಾವಿಗೆ ಹೋಗಿ, ಮಕ್ಕಳ ಹೃದಯದ ಡಾಕ್ಟರಿರುವ ದೊಡ್ಡ ಆಸ್ಪತ್ರೆಯಲ್ಲಿ ಫೀಟಲ್ ಎಕೋ ಮಾಡಿಸಿ. ಒಂದು ದಿನ ಮಗ್ಗ ನಿಲ್ಲಲಿ. ಭಾವನವರು ಗಾಡಿ ತರುತ್ತೇನೆ ಎಂದರೆ ಬೇಡವೆನ್ನಿ, ಬಸ್ಸಿದೆ. ಡಾಕ್ಟರ ಎದುರಿನ ಕುರ್ಚಿಯಲ್ಲಿ ನೀವು ಕೂರಿ, ಗಂಡ ಪಕ್ಕದಲ್ಲಿರಲಿ. ಯಾರಾದರೂ ನಿಮ್ಮನ್ನು ಹೊರಗೆ ಕಳಿಸಲು ನೋಡಿದರೆ, "ಕೂಸು ನನ್ನ ಹೊಟ್ಟ್ಯಾಗ ಐತ್ರಿ, ನನಗ ಹೇಳ್ರಿ" ಎನ್ನಿ.