ಮೆಶ್ ಫೈನ್ ಮಾಡಿದಷ್ಟೂ ಹನಿಗಳ ಲೆಕ್ಕ ಬದಲಾಗ್ತಿದೆ, ಯಾವುದನ್ನ ನಂಬೋದು?

ನೀವು ಕೇಳಿರೋದು, ಓಪನ್‌ಫೋಮ್‌ನಲ್ಲಿ (ನೀರು, ಗಾಳಿ ಹರಿಯೋದನ್ನ ಕಂಪ್ಯೂಟರಲ್ಲಿ ಲೆಕ್ಕ ಹಾಕೋ ಸಾಫ್ಟ್‌ವೇರ್) 1 ಮಿ.ಮೀ. ನೀರಿನ ಜೆಟ್ ಒಡೆದು ಹನಿ ಆಗೋದನ್ನ ಫೈನಲ್ ಇಯರ್ ಪ್ರಾಜೆಕ್ಟಿಗೆ ಮಾಡ್ತಿದೀನಿ, ಪ್ರತಿ ಮೆಶ್ಶಿಗೂ (ಲೆಕ್ಕಕ್ಕೆ ಜಾಗನ ಸೆಲ್ ಅನ್ನೋ ಪುಟ್ಟ ಪುಟ್ಟ ಡಬ್ಬಿಗಳಾಗಿ ಹಂಚೋ ಬಲೆ) ಹನಿಗಳ ಸಂಖ್ಯೆ ಬೇರೆ ಬರ್ತಿದೆ, ಎಲ್ಲಿ ತಪ್ಪಿದೀನಿ ಅಂತ. ನಿಮ್ಮ ಸೆಟ್ಟಿಂಗ್ ಎಲ್ಲಾ ಸರಿ ಇದ್ರೂ ಹೀಗೇ ಆಗತ್ತೆ ಅಂತ ಮೊದ್ಲೇ ಹೇಳ್ಬಿಡ್ತೀನಿ.

ಜೆಟ್ ತುಂಡಾಗೋ ಕಡೆ ನೀರಿನ ಕುತ್ತಿಗೆ ಸಣ್ಣ ಆಗ್ತಾ ಆಗ್ತಾ ಸೊನ್ನೆಗೆ ಹೋಗತ್ತೆ, ಆ ಕ್ಷಣದಲ್ಲಿ ಸಮೀಕರಣಗಳೇ ಕೈ ಎತ್ತಿಬಿಡ್ತವೆ. ನೀವು ಬಳಸ್ತಿರೋ ವಿಒಎಫ್ ವಿಧಾನ (ವಾಲ್ಯೂಮ್ ಆಫ್ ಫ್ಲೂಯಿಡ್, 1981ರಲ್ಲಿ ಹರ್ಟ್ ಮತ್ತೆ ನಿಕೋಲ್ಸ್ ಬರೆದಿದ್ದು) ಒಂದೊಂದು ಸೆಲ್ಲಲ್ಲಿ ಎಷ್ಟು ಪಾಲು ನೀರಿದೆ ಅನ್ನೋದನ್ನ ಮಾತ್ರ ಇಟ್ಕೊಂಡಿರತ್ತೆ, ಹಾಗಾಗಿ ಕುತ್ತಿಗೆ ಒಂದೆರಡು ಸೆಲ್ಲಿನಷ್ಟು ಸಣ್ಣ ಆಯ್ತು ಅಂದ್ರೆ ಅಲ್ಲಿಗೆ ಕಟ್! ಆ ಕತ್ತರಿ ಹಾಕಿದ್ದು ನಿಮ್ಮ ಮೆಶ್.

ನಾನು ಪೀಣ್ಯದಲ್ಲಿ ಡೇಟ್ ಹಾಕೋ ಇಂಕ್‌ಜೆಟ್ ಮೆಷಿನ್ ಮಾಡೋ ಒಂದು ಸಣ್ಣ ಕಂಪನಿಲಿ ಇದೇ ಕೆಲಸ ಮಾಡ್ತಿದ್ದೆ. ಪ್ಯಾಕೆಟ್ ಮೇಲೆ ಚುಕ್ಕಿ ಚುಕ್ಕಿಯಾಗಿ ಎಕ್ಸ್‌ಪೈರಿ ಡೇಟ್ ಇರತ್ತಲ್ಲ, ಅದರ ಒಂದೊಂದು ಚುಕ್ಕಿನೂ ಜೆಟ್ ಒಡೆದು ಆದ ಹನಿ. ದೊಡ್ಡ ಹನಿಗಳ ಮಧ್ಯೆ ಹುಟ್ಟೋ ಪುಟಾಣಿ ಸ್ಯಾಟಲೈಟ್ ಹನಿಗಳು ಒಳಗಿನ ಪ್ಲೇಟಿಗೆ ಹೋಗಿ ಅಂಟ್ಕೊಂಡು ಮೆಷಿನ್ ಗಲೀಜು ಮಾಡ್ತಿದ್ವು. ನನ್ನ ಸಿಮ್ಯುಲೇಷನ್ನಲ್ಲಿ ಒಂದೂ ಸ್ಯಾಟಲೈಟ್ ಬರ್ಲಿಲ್ಲ, ಪ್ರಾಬ್ಲಮ್ ಸಾಲ್ವ್ ಆಯ್ತು ಅಂತ ರಿಪೋರ್ಟ್ ಕೊಟ್ಟೆ, ಟೆಸ್ಟ್ ಮಾಡಿ ಮುಚ್ಚಳ ತೆಗೆದ್ರೆ ಪ್ಲೇಟ್ ಮೇಲೆ ಕಪ್ಪು ಇಂಕ್ ಹಾಗೇ ಕೂತಿತ್ತು. ಸೆಲ್ ಸೈಜ್ ಎರಡು ಸಲ ಅರ್ಧ ಮಾಡಿದ ಮೇಲೆ ಅವು ಸ್ಕ್ರೀನ್ ಮೇಲೂ ಕಾಣಿಸ್ಕೊಂಡ್ವು. ಅವತ್ತಿನಿಂದ ಹನಿ ಎಣಿಸೋ ಕೆಲಸ ನಾನು ಕೊನೆಗೇ ಇಟ್ಕೋತೀನಿ.

ಮೊದ್ಲು ನೋಡ್ಬೇಕಾಗಿರೋದು ಒಡೆಯೋಕೆ ಮುಂಚಿನ ಕಥೆ. ಲಾರ್ಡ್ ರೇಲಿ ಅನ್ನೋ ಬ್ರಿಟಿಷ್ ವಿಜ್ಞಾನಿ 1878ರಲ್ಲೇ ಲೆಕ್ಕ ಹಾಕಿಟ್ಟಿದಾರೆ: ಜೆಟ್ ವ್ಯಾಸದ ಸುಮಾರು 4.5 ಪಟ್ಟು ಉದ್ದದ ಅಲೆ ಎಲ್ಲಕ್ಕಿಂತ ಬೇಗ ಬೆಳೆಯತ್ತೆ, ಅದರಿಂದ ಆಗೋ ಹನಿ ವ್ಯಾಸ ಜೆಟ್ಟಿನ ಸುಮಾರು 1.9 ಪಟ್ಟು. ಇನ್‌ಲೆಟ್ಟಲ್ಲಿ, ಅಂದ್ರೆ ನೀರು ಒಳಗೆ ಬರೋ ಕಡೆ, ಆ ಅಲೆನ ತುಂಬಾ ಸಣ್ಣದಾಗಿ ಕೊಡಿ. ನಿಮ್ಮ 1 ಮಿ.ಮೀ. ಜೆಟ್ಟಲ್ಲಿ ಉಬ್ಬು ಹೆಚ್ಚುಕಮ್ಮಿ 4 ಮಿಲಿಸೆಕೆಂಡಿಗೊಮ್ಮೆ 2.7 ಪಟ್ಟು ಆಗ್ಬೇಕು, ಲಾಗ್ ಗ್ರಾಫಲ್ಲಿ ನೆಟ್ಟಗೆ ಗೆರೆ ಬರತ್ತೆ. ಈ ಗೆರೆ ಮೆಶ್ ಬದಲಾದ್ರೂ ಬದಲಾಗ್ಲಿಲ್ಲ ಅಂದ್ರೆ ಧೈರ್ಯವಾಗಿ ಮುಂದೆ ಹೋಗಿ. (ಜೋರಾಗಿ ಚಿಮ್ಮೋ ಸ್ಪ್ರೇಗೆ ಈ ಲೆಕ್ಕ ನಡೆಯಲ್ಲ, ಅಲ್ಲಿ ಗಾಳಿದೇ ದರ್ಬಾರು.)

ಪೂರ್ತಿ 3ಡಿ ಬಿಟ್ಬಿಡಿ, ಜೆಟ್ ದುಂಡಗಿರೋದ್ರಿಂದ ಕೇಕ್ ತುಂಡಿನ ಥರ ಒಂದು ಸಣ್ಣ ಹೋಳು ಸಾಕು, ಅದೇ ವೆಡ್ಜ್, ಅದನ್ನ ಹಾಕಿ. ಸೆಲ್ ಅರ್ಧ ಮಾಡಿದ್ರೆ 3ಡಿಲಿ ಸೆಲ್ಲುಗಳು 8 ಪಟ್ಟು, ಜೊತೆಗೆ ಸರ್ಫೇಸ್ ಟೆನ್ಷನ್ (ನೀರಿನ ಮೇಲ್ಮೈನ ಎಳೆದು ಹಿಡಿಯೋ ಬಲ) ಇರೋದ್ರಿಂದ ಟೈಮ್ ಸ್ಟೆಪ್ಪೂ 2.8 ಪಟ್ಟು ಸಣ್ಣ ಆಗ್ಬೇಕು, ಒಟ್ಟು 22 ಪಟ್ಟು ಕೆಲಸ, ಲ್ಯಾಪ್‌ಟಾಪ್ ಅಷ್ಟು ತಡ್ಕೊಳಲ್ಲ.

ಇನ್ನೊಂದು, ಮನೆ ನಲ್ಲಿಲಿ ಒಂದ್ಸಲ ನೋಡಿ. ಬೆಂಗಳೂರಿನ 2024ರ ನೀರಿನ ತಾಪತ್ರಯದಲ್ಲಿ ಏರೇಟರ್ (ನಲ್ಲಿ ಬಾಯಿಗೆ ಹಾಕೋ, ನೀರು ಉಳಿಸೋ ಜಾಲರಿ) ಹಾಕ್ಸಿದ್ರೆ ಅದನ್ನ ಬಿಚ್ಚಿ, ನಲ್ಲಿನ ಸಣ್ಣಗೆ ತಿರುಗಿಸಿ, ಬಿಸಿಲು ಬೀಳೋ ಕಡೆ ಸ್ಲೋಮೋಷನ್ನಲ್ಲಿ ಹಿಡೀರಿ. ಮೇಲೆ ಗಾಜಿನ ಕಡ್ಡಿ ಥರ ನಯವಾಗಿರತ್ತೆ, ಕೆಳಗೆ ಹೋಗ್ತಾ ಮಣಿಸರ, ಎರಡು ಮಣಿ ಮಧ್ಯೆ ಸಾಸಿವೆಯಷ್ಟು ಒಂದು ಹನಿ, ಅದೇ ಸ್ಯಾಟಲೈಟ್. ಬೆಲ್ಲದ ಪಾಕ ಸೌಟಿಂದ ಬಿಟ್ರೆ ಇಷ್ಟು ಬೇಗ ಒಡೆಯಲ್ಲ, ಎಳೆ ಬರತ್ತೆ, ಅದು ವಿಸ್ಕಾಸಿಟಿ (ದ್ರವದ ಮಂದತನ) ತಡೆಯೋದು.

ರಿಪೋರ್ಟಲ್ಲಿ ಸ್ಯಾಟಲೈಟ್ ಸಂಖ್ಯೆ ಹಾಕ್ಲೇಬೇಕು ಅಂದ್ರೆ ಪಕ್ಕದಲ್ಲೇ ಸೆಲ್ ಸೈಜ್ ಬರೀರಿ, ವ್ಯಾಸ ನಾಲ್ಕು ಸೆಲ್ಲಿಗಿಂತ ಕಮ್ಮಿ ಇರೋ ಹನಿಗಳನ್ನ ಲೆಕ್ಕಕ್ಕೇ ತಗೋಬೇಡಿ.